ಕನ್ನಡ ತೆಗೆದರೆ ಕಂಪ್ಯೂಟರ್ ಸರಿಹೋಗುತ್ತದಂತೆ!



ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಈಗೀಗ ಒಂದು ಹೊಸ ವೈದ್ಯಪದ್ಧತಿ ಚಾಲ್ತಿಗೆ ಬಂದಿದೆ. ವರ್ಡ್ ತೆರೆದ ಕೂಡಲೇ ತಾನಾಗಿ ಮುಚ್ಚಿಕೊಳ್ಳಲಿ, ಎಕ್ಸೆಲ್ ಅಲ್ಲಾಡದೆ ನಿಲ್ಲಲಿ, ಪ್ರಿಂಟರ್ ಮೌನವ್ರತ ಹಿಡಿಯಲಿ, ಎಲ್ಲದಕ್ಕೂ ಔಷಧ ಒಂದೇ. ಕನ್ನಡ ತೆಗೆಯಿರಿ! ಫಾಂಟ್ ತೆಗೆಯಿರಿ, ಕೀಲಿಮಣೆ ತೆಗೆಯಿರಿ, ಕನ್ನಡದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮನೆಗೆ ಒಯ್ಯಿರಿ. "ಕನ್ನಡ ಕಾಢೂನ್ ಟಾಕಾ ಗುರುಜಿ, ಮಗ ಚಾಲೇಲ್" ಎಂದು ಫೋನಿನ ಆಚೆಯಿಂದ ಹೇಳುತ್ತಾರೆ. ಕನ್ನಡ ತೆಗೆದುಹಾಕಿ ಗುರುಗಳೇ, ಆಮೇಲೆ ನಡೆಯುತ್ತದೆ ಅಂತ. ಹೇಳುವ ಹುಡುಗನಿಗೆ ನಮ್ಮ ಮೇಲೆ ದ್ವೇಷವೇನೂ ಇಲ್ಲ, ಅದನ್ನೂ ಹೇಳಿಬಿಡಬೇಕು. ನೆಗಡಿಯಾದವರಿಗೆ ತಲೆಸ್ನಾನ ಬೇಡ ಅನ್ನುವಷ್ಟು ಸಹಜವಾಗಿ ಹೇಳುತ್ತಾನೆ. ನಮಗೆ ಸಿಟ್ಟು ಬರುವುದು ಆ ಸಹಜತೆಗೇ.

ಪತ್ತೆ ಮಾಡುವ ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಉಪಾಯಕ್ಕೆ ಚಿಕಿತ್ಸೆ ಎಂದು ಹೆಸರಿಡಬೇಡಿ. ಇಷ್ಟೇ ನಮ್ಮ ತಕರಾರು. ಆದರೆ ಇಷ್ಟನ್ನು ಹೇಳಬೇಕಾದರೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾವು ಡಫಳಾಪುರದಲ್ಲಿ ಮನೆ ಮಾಡಿಕೊಂಡು ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವವರು. ದೂರದ ನಗರದ ಕಂಪನಿಯೊಂದು ತಾನು ಬಳಸಿ ಬಿಟ್ಟ ಆರು ಐಮ್ಯಾಕ್ ಕಂಪ್ಯೂಟರುಗಳನ್ನು ಶಾಲೆಗೆ ಕೊಟ್ಟಿತು. (ಹೆಸರು ಬೇಡ. ಕೊಟ್ಟವರ ಮನಸ್ಸು ಒಳ್ಳೆಯದೇ.) ಊರವರು ಕಾಯಿ ಒಡೆದರು, ಪೇಢೆ ಹಂಚಿದರು. ಆಮೇಲೆ ತಿಳಿಯಿತು, ಇವು 'ಮ್ಯಾನೇಜ್ಡ್' ಕಂಪ್ಯೂಟರುಗಳು ಎಂದು. ಅಂದರೆ ಯಂತ್ರ ನಮ್ಮ ಕೋಣೆಯಲ್ಲಿ, ಕೀಲಿ ಬೇರೆ ಊರಿನಲ್ಲಿ. ಯಾವ ತಂತ್ರಾಂಶ ಇರಬೇಕು, ಯಾವ ಸೆಟ್ಟಿಂಗ್ ಕಾಣಬೇಕು, ಯಾವಾಗ ಅಪ್‌ಡೇಟ್ ಆಗಬೇಕು ಎಂಬುದನ್ನೆಲ್ಲ ಎಲ್ಲೋ ಕುಳಿತ ಗುತ್ತಿಗೆದಾರರ ಕಡೆಯ ಒಬ್ಬ ವ್ಯಕ್ತಿ ತೀರ್ಮಾನಿಸುತ್ತಾನೆ. ಅಲ್ಲಿ ಒಂದು ಗುಂಡಿ ಒತ್ತಿದರೆ ಇಂಟರ್‌ನೆಟ್ಟಿನ ಮೂಲಕ ನೂರಾರು ಯಂತ್ರಗಳಿಗೆ ಒಂದೇ ಆಫೀಸ್ ಪ್ಯಾಕೇಜು ಇಳಿಯುತ್ತದೆ. ವ್ಯವಸ್ಥೆ ಕೆಟ್ಟದ್ದಲ್ಲ. ವೈರಸ್ ಕಾಟ ಕಡಿಮೆ, ಮಕ್ಕಳು ಆಟಗಳನ್ನು ತುಂಬುವುದಿಲ್ಲ. ಇಲ್ಲಿಯವರೆಗೆ ನಮ್ಮ ಆಕ್ಷೇಪಣೆ ಏನೂ ಇಲ್ಲ.

ಒಂದು ಅಪ್‌ಡೇಟ್ ಆದ ಮೇಲೆ ಆರರಲ್ಲಿ ಎರಡು ಯಂತ್ರಗಳಲ್ಲಿ ವರ್ಡ್ ಕುಸಿಯತೊಡಗಿತು. ಪ್ರಶ್ನೆಪತ್ರಿಕೆ ತೆರೆದರೆ ಸಾಕು, ಕಿಟಕಿ ಒಮ್ಮೆ ಮಿಂಚಿ ಮಾಯ. ದೂರು ಕೊಟ್ಟೆವು. ಫೈಲು ಯಾವ ಭಾಷೆಯದು ಎಂದು ಕೇಳಿದರು. ಕನ್ನಡ ಅಂದೆವು. ಮುಗಿಯಿತು! ರೋಗಿಯ ನಾಡಿ ಹಿಡಿಯುವ ಮೊದಲೇ ಔಷಧ ಚೀಟಿ ಸಿದ್ಧ. ಅಲ್ಲಿಂದಲೇ ಆರೂ ಯಂತ್ರಗಳಿಂದ ಕನ್ನಡ ಕೀಲಿಮಣೆ ತೆಗೆದರು, ನಾವು ಹಾಕಿಕೊಂಡಿದ್ದ ಎರಡು ಕನ್ನಡ ಫಾಂಟುಗಳನ್ನು ಅಳಿಸಿದರು, ಕೀಲಿಮಣೆ ಬದಲಿಸುವ ಸೆಟ್ಟಿಂಗಿನ ಪುಟವನ್ನೇ ಮುಚ್ಚಿದರು. ಮರುದಿನ ವರ್ಡ್ ತೆರೆದರೆ... ಅದೇ ಮಿಂಚು, ಅದೇ ಮಾಯ.

ಈಗ ಕೇಳಿ. ಕುಸಿತಕ್ಕೆ ಕಾರಣ ಹುಡುಕಲು ದೊಡ್ಡ ಇಂಜಿನಿಯರ್ ಆಗಬೇಕಾಗಿಲ್ಲ, ನಮ್ಮಂಥ ಟಿಸಿಎಚ್, ಬಿಎ ಓದಿದವರಿಗೂ ಸಾಧ್ಯ. ಮೊದಲು, ಏನೂ ಬರೆಯದ ಖಾಲಿ ಫೈಲು ತೆರೆದು ನೋಡಿದೆವು. ಅದೂ ಕುಸಿಯಿತು. ಒಂದಕ್ಷರ ಕನ್ನಡವಿಲ್ಲದ ಖಾಲಿ ಹಾಳೆಯಲ್ಲಿ ಕನ್ನಡದ ಅಪರಾಧ ಎಲ್ಲಿಂದ ಬಂತು? ಎರಡನೆಯದಾಗಿ, ನಮ್ಮ ಶಿಕ್ಷಕರ ಖಾತೆ ಬಿಟ್ಟು ವಿದ್ಯಾರ್ಥಿಗಳ ಖಾತೆಯಿಂದ ಒಳಗೆ ಹೋದೆವು. ಮ್ಯಾಕ್‌ನಲ್ಲಿ ಒಬ್ಬರ ಖಾತೆಯಲ್ಲಿ ಹಾಕಿಕೊಂಡ ಫಾಂಟು ಇನ್ನೊಬ್ಬರ ಖಾತೆಗೆ ತಗಲುವುದಿಲ್ಲ, ವರ್ಡಿನ ಸ್ವಂತ ಸೆಟ್ಟಿಂಗುಗಳೂ ಖಾತೆಗೊಂದು ಪ್ರತ್ಯೇಕ. ಅಲ್ಲಿಯೂ ಕುಸಿಯಿತು. ಹಾಗಾದರೆ ಕೆಟ್ಟದ್ದು ನಮ್ಮ ಖಾತೆಯಲ್ಲ, ಫಾಂಟಲ್ಲ. ವರ್ಡ್ ತಾನೇ ಕೆಟ್ಟಿದೆ. ಇನ್ನು ಮೂರನೆಯ ಸಂಗತಿ ಎಲ್ಲಕ್ಕಿಂತ ಸರಳವಾದದ್ದು, ಯಾರೂ ನೋಡದೇ ಇದ್ದದ್ದು. ಅದೇ ಕನ್ನಡ ಫಾಂಟು, ಅದೇ ಕೀಲಿಮಣೆ ಇದ್ದ ಉಳಿದ ನಾಲ್ಕು ಯಂತ್ರಗಳು ಮೊದಲಿನಿಂದಲೂ ನೆಟ್ಟಗೇ ನಡೆಯುತ್ತಿದ್ದವು! ಕನ್ನಡವೇ ವಿಷವಾಗಿದ್ದರೆ ಆರೂ ಸಾಯಬೇಕಿತ್ತು.

ಕುಸಿದ ಎರಡಕ್ಕೂ ಉಳಿದ ನಾಲ್ಕಕ್ಕೂ ವ್ಯತ್ಯಾಸ ಏನು? ಆ ಎರಡಕ್ಕೆ ಯುಪಿಎಸ್ ಇಲ್ಲ. ಮೇಜಿನ ಮೇಲಿನ ಐಮ್ಯಾಕಿಗೆ ಲ್ಯಾಪ್‌ಟಾಪಿನಂತೆ ಬ್ಯಾಟರಿ ಇರುವುದಿಲ್ಲ, ಕರೆಂಟು ಹೋದರೆ ಅದೂ ಹೋಯಿತು. ಅಪ್‌ಡೇಟ್ ಕಳಿಸಿದ್ದು ಶಾಲೆ ನಡೆಯುವ ಹೊತ್ತಿನಲ್ಲಿ. ಆ ದಿನ ಮಧ್ಯಾಹ್ನ ಕರೆಂಟು ಹೋದದ್ದು ನಮ್ಮ ಕಂಪ್ಯೂಟರ್ ಕೋಣೆಯ ವಹಿಯಲ್ಲಿ ಗಂಟೆ ಸಮೇತ ಬರೆದಿದೆ. ಜತ್ತ ತಾಲೂಕಿನಲ್ಲಿ ಕರೆಂಟು ಹೋಗುತ್ತದೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಅರ್ಧ ಇಳಿದ ಪ್ಯಾಕೇಜು ಅರ್ಧವೇ ಉಳಿದಿತ್ತು. ಇಷ್ಟನ್ನೂ ಬರೆದು ಕಳಿಸಿ, ನಾಲ್ಕು ಸಲ ಫೋನು ಮಾಡಿದ ಮೇಲೆ ಆಫೀಸನ್ನು ಪೂರ್ತಿ ತೆಗೆದು ಮತ್ತೆ ಹಾಕಿದರು. ಎರಡೂ ಯಂತ್ರ ಸರಿಯಾದವು.

ಸರಿಯಾಯಿತಲ್ಲ, ಮತ್ತೇಕೆ ಈ ಬರಹ ಅನ್ನುತ್ತೀರಾ? ಕನ್ನಡ ವಾಪಸ್ ಬರಲಿಲ್ಲ, ಅದಕ್ಕೆ. ಕುಸಿತ ನಿಂತಿತು, ಕಾರಣ ಸಿಕ್ಕಿತು, ಆರೋಪಿ ನಿರ್ದೋಷಿ ಎಂದೂ ಆಯಿತು, ಆದರೆ ಜೈಲಿನ ಬಾಗಿಲು ತೆರೆಯುವ ಕೆಲಸ ಯಾರಿಗೂ ನೆನಪಿಲ್ಲ. "ಈಗ ಚೆನ್ನಾಗಿ ನಡೆದಿದೆಯಲ್ಲ, ಮತ್ತೆ ಯಾಕೆ ರಿಸ್ಕ್" ಅಂತಾರೆ. ಕನ್ನಡ ಶಾಲೆಯ ಕಂಪ್ಯೂಟರಿನಲ್ಲಿ ಕನ್ನಡ ಒಂದು ರಿಸ್ಕ್!

ಇದೆಲ್ಲ ನಡೆದದ್ದು ಮಕ್ಕಳ ಕಣ್ಣೆದುರಿಗೆ. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಕನ್ನಡ ಅಂದ್ರ ವೈರಸ್ ಏನ್ರಿ?" ಅವಳು ತಮಾಷೆಗೆ ಕೇಳಿದ್ದಲ್ಲ. ವೈರಸ್ ಇದ್ದರೆ ತೆಗೆಯಬೇಕು ಎಂದು ನಾವೇ ಪಾಠ ಹೇಳಿದ್ದೇವೆ, ಕನ್ನಡವನ್ನು ತೆಗೆದದ್ದನ್ನು ಅವಳು ನೋಡಿದ್ದಾಳೆ. ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಶಾಲೆಗಳ ಪಟಸಂಖ್ಯೆ ವರ್ಷ ವರ್ಷ ಇಳಿಯುವುದಕ್ಕೆ ಕಾರಣ ಹುಡುಕುವ ದೊಡ್ಡವರು ಇಂಥ ಪ್ರಶ್ನೆಗಳನ್ನೂ ಸ್ವಲ್ಪ ಕಿವಿಯ ಮೇಲೆ ಹಾಕಿಕೊಳ್ಳಲಿ.

ಅಕ್ಷರವೇ ಕಂಪ್ಯೂಟರನ್ನು ಕುಸಿಯುವಂತೆ ಮಾಡಿದ ಪ್ರಸಂಗಗಳು ಇಲ್ಲವೇ? ಇವೆ. ನಮ್ಮ ಎದುರುವಾದಿಗಳಿಗೆ ನಾವೇ ಒಂದನ್ನು ಕೊಡುತ್ತೇವೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಅಕ್ಷರ ಜಗತ್ತಿನಾದ್ಯಂತ ಆಪಲ್ ಕಂಪನಿಯ ಫೋನು, ಮ್ಯಾಕ್‌ಗಳನ್ನು ಅಡ್ಡ ಮಲಗಿಸಿತ್ತು. ಅಕ್ಷರ ಯಾವುದು ಗೊತ್ತೇ? 'ಜ್ಞಾ'. ಜ್ಞಾನ ಎಂಬ ಪದದ ಮೊದಲ ಅಕ್ಷರ! ತೆಲುಗು ಲಿಪಿಯಲ್ಲಿ ಜ, ಅದರ ಕೆಳಗೆ ಞ ಒತ್ತು, ನಡುವೆ ಕಣ್ಣಿಗೆ ಕಾಣದ ಒಂದು ಗುರುತು, ಆಮೇಲೆ ದೀರ್ಘ, ಈ ಕ್ರಮದಲ್ಲಿ ಬಂದ ಅಕ್ಷರವಿದ್ದ ಸಂದೇಶ ತೆರೆದರೆ ಆ ತಂತ್ರಾಂಶ ಅಲ್ಲೇ ಕುಸಿಯುತ್ತಿತ್ತು. ಬಂಗಾಳಿ, ದೇವನಾಗರಿಯ ಕೆಲವು ಜೋಡಣೆಗಳಿಗೂ ಅದೇ ಗತಿ ಎಂದು ಆಮೇಲೆ ಹೊರಬಂತು. ಆಗ ಆಪಲ್‌ನವರು ಏನು ಮಾಡಿದರು? ತೆಲುಗರೇ, ನಿಮ್ಮ ಜ್ಞಾನ ತೆಗೆದಿಡಿ ಅಂದರೇ? ಇಲ್ಲ. ಅದೇ ತಿಂಗಳ 19ರಂದು ಐಫೋನಿಗೂ ಮ್ಯಾಕ್‌ಗೂ ಹೊಸ ಅಪ್‌ಡೇಟ್ ಬಿಟ್ಟು ತಮ್ಮ ತಂತ್ರಾಂಶವನ್ನು ತಿದ್ದಿಕೊಂಡರು. ತಪ್ಪು ಅಕ್ಷರದ್ದಲ್ಲ, ಅಕ್ಷರವನ್ನು ತೆರೆಯ ಮೇಲೆ ಬಿಡಿಸುವ ತಂತ್ರಾಂಶದ್ದು ಎಂದು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದು ಒಪ್ಪಿದ ಮೇಲೆ, ನಮ್ಮ ಗುತ್ತಿಗೆದಾರರದ್ದು ಏನು ದೊಡ್ಡಸ್ತಿಕೆ?

ಆ 'ಕಾಣದ ಗುರುತು' ನಮಗೂ ಬೇಕಾದದ್ದೇ. ಕನ್ನಡದಲ್ಲಿ ಸಾಫ್ಟ್‌ವೇರ್ ಎಂದು ಬರೆಯುವಾಗ 'ಟ್' ಮತ್ತು 'ವೇ' ಒಂದಕ್ಕೊಂದು ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ನಿಲ್ಲುವುದು ಅದೇ. ಇಂಗ್ಲಿಷಿನಲ್ಲಿ ಅಂಥದ್ದರ ಕೆಲಸವಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿ ಕಳಿಸಿದ ತಂತ್ರಾಂಶ ಕನ್ನಡ ಶಾಲೆಯ ಮಟ್ಟಿಗೆ ಪರೀಕ್ಷೆ ಆಗದ ತಂತ್ರಾಂಶವೇ.

ಇನ್ನು ಅಕ್ಷರಕ್ಕೆ ಸಂಬಂಧವೇ ಇಲ್ಲದ ಕುಸಿತಗಳು ಎಷ್ಟೋ. 2015ರ ಸೆಪ್ಟೆಂಬರ್ ಕೊನೆಗೆ ಮ್ಯಾಕ್‌ನ ಎಲ್ ಕ್ಯಾಪಿಟನ್ ಆವೃತ್ತಿ ಬಂದಾಗ ಮೈಕ್ರೋಸಾಫ್ಟ್ ಆಫೀಸ್ 2016 ದೇಶ ದೇಶಗಳಲ್ಲಿ ಕುಸಿಯುತ್ತಿತ್ತು. ಮೈಕ್ರೋಸಾಫ್ಟ್‌ನವರೂ ಅಪ್‌ಡೇಟ್ ಕೊಟ್ಟರು, ಅಕ್ಟೋಬರಿನಲ್ಲಿ ಆಪಲ್‌ನವರೂ ಕೊಟ್ಟರು. ಅಮೆರಿಕದ ಶಾಲೆಗಳಿಗೆ ಇಂಗ್ಲಿಷ್ ತೆಗೆಯಿರಿ ಎಂದು ಯಾರೂ ಫೋನು ಮಾಡಿದ್ದಿಲ್ಲ. 2019ರಲ್ಲಿ ಕ್ಯಾಟಲಿನಾ ಬಂದಾಗ ಹಳೆಯ 32 ಬಿಟ್ ತಂತ್ರಾಂಶಗಳು ತೆರೆಯುವುದೇ ನಿಂತಿತು, ಆಫೀಸ್ 2011 ಅದರಲ್ಲಿ ಒಂದು. ದಾನವಾಗಿ ಬಂದ ಹಳೆಯ ಮ್ಯಾಕ್‌ಗಳಲ್ಲಿ ಇದರ ತಿರುವುಮುರುವು ಆಗುತ್ತದೆ. ಈಗಿನ ಹೊಸ ಆಫೀಸ್ ಮ್ಯಾಕ್‌ನ ಇತ್ತೀಚಿನ ಮೂರು ಆವೃತ್ತಿಗಳಿಗೆ ಮಾತ್ರ ಬೆಂಬಲ ಕೊಡುತ್ತದೆ, ನಮ್ಮ ಹಳೆಯ ಯಂತ್ರ ಅಲ್ಲಿಯವರೆಗೆ ಏರಲಾರದು. ಇವೆಲ್ಲ ಯಂತ್ರದ ವಯಸ್ಸಿನ ಪ್ರಶ್ನೆಗಳು, ಭಾಷೆಯ ಪ್ರಶ್ನೆಗಳಲ್ಲ.

ಎದುರುವಾದಿಗಳ ಒಂದು ಮಾತಿನಲ್ಲಿ ಮಾತ್ರ ಹುರುಳಿದೆ, ಅದನ್ನು ಮುಚ್ಚಿಡಬಾರದು. ಎಲ್ಲೆಲ್ಲಿಂದಲೋ ತಂದ ಫಾಂಟುಗಳು ನಿಜಕ್ಕೂ ತೊಂದರೆ ಕೊಡುತ್ತವೆ. ಒಂದೇ ಹೆಸರಿನ ಎರಡು ಫಾಂಟು ಇದ್ದರೆ, ಫಾಂಟಿನ ಫೈಲೇ ಹಾಳಾಗಿದ್ದರೆ ಮ್ಯಾಕ್‌ನಲ್ಲಿ ಆಫೀಸ್ ಕುಸಿಯುವುದುಂಟು. ಫಾಂಟ್ ಬುಕ್ ಎಂಬ ತಂತ್ರಾಂಶದಲ್ಲಿ ಫಾಂಟುಗಳನ್ನು ತಪಾಸಣೆ ಮಾಡುವ ಅನುಕೂಲ ಇಟ್ಟಿರುವುದೇ ಇದಕ್ಕೆ. ಸೇಫ್ ಮೋಡ್‌ನಲ್ಲಿ ಕಂಪ್ಯೂಟರ್ ಚಾಲೂ ಮಾಡಿದರೆ ಹೊರಗಿನಿಂದ ಹಾಕಿದ ಫಾಂಟುಗಳನ್ನು ಅದು ಎತ್ತಿಕೊಳ್ಳುವುದಿಲ್ಲ. ಆಗ ಕುಸಿತ ನಿಂತರೆ ಫಾಂಟಿನ ಮೇಲೆ ಸಂಶಯ ಪಡಬಹುದು. ಹೀಗೆ ನೋಡಿ, ತೋರಿಸಿ, ಆಮೇಲೆ ತೆಗೆಯಲಿ. ನಾವೇ ಮುಂದೆ ನಿಂತು ತೆಗೆಸುತ್ತೇವೆ.

ನುಡಿ, ಬರಹಗಳ ಹಳೆಯ ಫೈಲುಗಳ ಕತೆ ಬೇರೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಇರದಿದ್ದರೆ ನಮ್ಮಂಥ ಹಳ್ಳಿಯ ಶಾಲೆಗಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಆದರೆ ಆಗಿನ ಆ ಫಾಂಟುಗಳ ಯುಕ್ತಿ ಏನೆಂದರೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ. ಇದನ್ನು ನೋಡಿ "ಕ್ರ್ಯಾಶ್ ಆಯ್ತು" ಅನ್ನುವವರಿದ್ದಾರೆ. ಅದು ಕುಸಿತ ಅಲ್ಲ. ವರ್ಡ್ ಆರೋಗ್ಯವಾಗಿಯೇ ಇದೆ, ಫಾಂಟು ಇಲ್ಲ ಅಷ್ಟೇ. ಎರಡನ್ನೂ ಒಂದೇ ದೂರಿನಲ್ಲಿ ಬೆರೆಸಿ ಬರೆದರೆ ಆಚೆಯವರಿಗೆ ಕನ್ನಡವನ್ನು ದೂರಲು ನಾವೇ ಕೋಲು ಕೊಟ್ಟಂತೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು ಬಂತು, ಮ್ಯಾಕ್‌ನಲ್ಲಿ 2011ರ ಲಯನ್ ಆವೃತ್ತಿಯಿಂದ ಕನ್ನಡ ಫಾಂಟು ಯಂತ್ರದ ಜೊತೆಗೇ ಬರುತ್ತಿದೆ. (ತಮಾಷೆ ನೋಡಿ, ಮ್ಯಾಕ್‌ನ ಆಫೀಸ್ 2011ರಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ, 2016ರದ್ದರಲ್ಲಿ ಕೂಡಿದವು. ಕನ್ನಡ ಬದಲಾಗಲಿಲ್ಲ, ಆಫೀಸ್ ಬದಲಾಯಿತು!) ಆದ್ದರಿಂದ ಶಾಲೆಯ ಹಳೆಯ ಪ್ರಶ್ನೆಪತ್ರಿಕೆ, ದಾಖಲೆಗಳನ್ನು ಯುನಿಕೋಡಿಗೆ ಬದಲಿಸಿಟ್ಟುಕೊಳ್ಳುವುದು ಒಳ್ಳೆಯದು. ಬದಲಿಸಿಕೊಡುವ ಸೌಲಭ್ಯ ನುಡಿ, ಬರಹಗಳಲ್ಲೇ ಇದೆ.

ಕೀಲಿಮಣೆಯ ವಿಷಯದಲ್ಲಂತೂ ಇವರ ಹಟಕ್ಕೆ ಅರ್ಥವೇ ಇಲ್ಲ. ಮರಾಠಿಗೆ ಬಳಸುವ ಇನ್‌ಸ್ಕ್ರಿಪ್ಟ್ ಕೀಲಿಮಣೆ ಭಾರತದ ಭಾಷೆಗಳಿಗೆಲ್ಲ ಒಂದೇ ಜೋಡಣೆಯದು. ಮರಾಠಿಯ 'ಕ' ಯಾವ ಗುಂಡಿಯಲ್ಲಿದೆಯೋ ಕನ್ನಡದ 'ಕ' ಅದೇ ಗುಂಡಿಯಲ್ಲಿ. ಹ್ರಸ್ವ ಎ, ಒ ಮುಂತಾದ ಕೆಲವು ಬಿಟ್ಟರೆ ಬೆರಳಿಗೆ ಹೊಸದಾಗಿ ಕಲಿಸುವುದೇನೂ ಇಲ್ಲ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಅದು ಒಳಗೇ ಇದೆ. ಹೊರಗಿನಿಂದ ತರಬೇಕಾಗಿಲ್ಲ, ದುಡ್ಡು ಕೊಡಬೇಕಾಗಿಲ್ಲ, ಒಂದು ಗುರುತು ಹಾಕಿದರಾಯಿತು. ಮರಾಠಿ ಕೀಲಿಮಣೆಯಿಂದ ಕುಸಿಯದ ಯಂತ್ರ ಕನ್ನಡ ಕೀಲಿಮಣೆಯಿಂದ ಕುಸಿಯುವುದಾದರೆ ನಮಗೂ ತೋರಿಸಲಿ, ನಾವೂ ಕಲಿಯುತ್ತೇವೆ.

ನಮ್ಮವರ ಮಾತೂ ಕೇಳಿದ್ದೇವೆ. "ಕಂಪ್ಯೂಟರ್ ಅಂದ್ರ ಇಂಗ್ಲಿಷ್ ಬಿಡ್ರಿ ಸರ್, ಅದರಾಗ ಕನ್ನಡ ಯಾಕ ತುರುಕತೀರಿ?" ಅನ್ನುವ ಪಾಲಕರಿದ್ದಾರೆ. ತುರುಕುವ ಮಾತೇ ಇಲ್ಲವಲ್ಲ, ಅದು ಅಲ್ಲಿಯೇ ಇತ್ತು, ತೆಗೆದವರು ಅವರು! ಪ್ರಶ್ನೆಪತ್ರಿಕೆಯನ್ನು ಅಥಣಿಯ ಡಿಟಿಪಿ ಅಂಗಡಿಯಲ್ಲಿ ಮಾಡಿಸಿದರಾಯಿತು ಅನ್ನುವ ಸಹೋದ್ಯೋಗಿಗಳೂ ಇದ್ದಾರೆ. ಮಾಡಿಸಬಹುದು. ಬಸ್ ಚಾರ್ಜು, ಟೈಪಿಂಗ್ ಚಾರ್ಜು, ಅರ್ಧ ದಿನದ ರಜೆ, ಪರೀಕ್ಷೆಗೆ ಮೊದಲೇ ಪತ್ರಿಕೆ ಹೊರಗಿನವರ ಕೈಗೆ. ಶಾಲೆಯಲ್ಲಿ ಆರು ಕಂಪ್ಯೂಟರ್ ಇಟ್ಟುಕೊಂಡು!

ಕಾಸರಗೋಡಿನ ಕಡೆ ಸ್ವಲ್ಪ ನೋಡಿ. ಅಲ್ಲಿಯ ಕನ್ನಡಿಗರದ್ದೂ ನಮ್ಮಂತೆಯೇ ಗಡಿಯಾಚೆಯ ಪಾಡು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕಿದಾಗ ಮಕ್ಕಳು, ಪಾಲಕರು ಬೀದಿಗಿಳಿಯಬೇಕಾದದ್ದೂ ಅಲ್ಲಿಯೇ. ಆದರೂ ಕಂಪ್ಯೂಟರಿನ ವಿಷಯದಲ್ಲಿ ಕೇರಳ ಮಾಡಿದ್ದನ್ನು ಒಪ್ಪಬೇಕು. 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರು ಮಾಡಿದರು, 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಗ್ನೂ ಲಿನಕ್ಸ್‌ನ ಒಂದು ಆವೃತ್ತಿ ಸಿದ್ಧಪಡಿಸಿ, ಲಿಬ್ರೆ ಆಫೀಸ್ ಸೇರಿಸಿ, ಎಲ್ಲ ಶಾಲೆಗೂ ಅದನ್ನೇ ಕೊಡುತ್ತಾರೆ. 2019ರ ಆವೃತ್ತಿ ಸುಮಾರು 2 ಲಕ್ಷ ಕಂಪ್ಯೂಟರುಗಳಿಗೆಂದು ಹೊರಟದ್ದು. ಐಟಿ ಪಠ್ಯಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಅಚ್ಚಾಗುತ್ತದೆ. ಅದೂ ಒಂದು ಕಡೆಯಿಂದ ಲಕ್ಷಾಂತರ ಯಂತ್ರಗಳಿಗೆ ತಂತ್ರಾಂಶ ಹಂಚುವ ವ್ಯವಸ್ಥೆಯೇ ತಾನೆ? ಹಂಚುವವರ ಪಟ್ಟಿಯಲ್ಲಿ ಕನ್ನಡ ಇತ್ತು. ನಮ್ಮ ಪ್ಯಾಕೇಜು ಸಿದ್ಧಪಡಿಸಿದವರ ಪಟ್ಟಿಯಲ್ಲಿ ಇರಲಿಲ್ಲ.

ಮಹಾರಾಷ್ಟ್ರಕ್ಕೆ ನಾವು ಗೊತ್ತಿಲ್ಲ ಎಂದೇನಲ್ಲ. 1967ರಲ್ಲಿ ಹುಟ್ಟಿದ ಪುಣೆಯ ಬಾಲಭಾರತಿ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿ ಕಳಿಸುತ್ತಿದೆ. ಪುಸ್ತಕ ಕಳಿಸುವ ರಾಜ್ಯಕ್ಕೆ ಆ ಪುಸ್ತಕದ ಭಾಷೆಯಲ್ಲಿ ಕೀಲಿಮಣೆಯೂ ಬೇಕು ಎಂದು ಹೇಳಿಕೊಡಬೇಕೆ? ಸಂವಿಧಾನದ 350ಎ ವಿಧಿ 1956ರ ಏಳನೆಯ ತಿದ್ದುಪಡಿಯಲ್ಲಿ ಬಂದದ್ದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಇರಬೇಕು ಅನ್ನುತ್ತದೆ. ಆಗ ಸೌಲಭ್ಯ ಅಂದರೆ ಫಳಾ, ಖಡೂ, ಪುಸ್ತಕ. ಈಗ ಕಂಪ್ಯೂಟರ್ ಕೋಣೆಯೂ ಶಾಲೆಯ ಒಂದು ಕೋಣೆ. ಆ ಒಂದು ಕೋಣೆಗೆ ಮಾತ್ರ ವಿಧಿ ಅನ್ವಯಿಸುವುದಿಲ್ಲವೆ?

ನಾವು ಕೀಲಿ ಕೇಳುತ್ತಿಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಅಡ್ಮಿನ್ ಪಾಸ್‌ವರ್ಡ್ ಅವರ ಹತ್ತಿರವೇ ಇರಲಿ. ಕೀಲಿ ಇಟ್ಟುಕೊಂಡವರು ಮನೆಯೊಳಗಿನವರ ಜವಾಬ್ದಾರಿಯನ್ನೂ ಇಟ್ಟುಕೊಳ್ಳಬೇಕು, ಅಷ್ಟೇ. ಕೇಂದ್ರಪ್ರಮುಖರ ಮೂಲಕ ಮೇಲಕ್ಕೆ ಮತ್ತು ಗುತ್ತಿಗೆದಾರರಿಗೆ ನಾವು ಬರೆದುಕೊಟ್ಟ ಅರ್ಜಿಯಲ್ಲಿ ಇರುವುದು ಇಷ್ಟು. ಕನ್ನಡ ಶಾಲೆಗೆ ಹೋಗುವ ಪ್ಯಾಕೇಜಿನಲ್ಲಿ ಕನ್ನಡ ಕೀಲಿಮಣೆ ಮೊದಲಿನಿಂದಲೇ ಇರಬೇಕು. ಕಳಿಸುವ ಮೊದಲು ಒಂದು ಯಂತ್ರದಲ್ಲಿ ಹಾಕಿ, ಜ್ಞಾನ, ಸ್ತ್ರೀ, ರಾಷ್ಟ್ರ, ಲಕ್ಷ್ಮೀ, ಅರ್ಜಿ, ಸಾಫ್ಟ್‌ವೇರ್ ಇಂಥ ಹತ್ತು ಪದ ಬರೆದು, ಉಳಿಸಿ, ಮುಚ್ಚಿ, ಮತ್ತೆ ತೆರೆದು ನೋಡಬೇಕು. ಐದು ನಿಮಿಷದ ಕೆಲಸ. ಅಪ್‌ಡೇಟ್ ಶಾಲೆಯ ಹೊತ್ತಿನಲ್ಲಿ ಬೇಡ, ಇಲ್ಲವೇ ಕರೆಂಟು ಹೋಗುವ ಊರಿಗೆ ಯುಪಿಎಸ್ ಕೊಡಿ. ಕಾರಣ ತೋರಿಸದೆ ಭಾಷೆ ತೆಗೆಯಬಾರದು, ತೆಗೆದರೆ ಯಾವ ದಿನ ವಾಪಸ್ ಹಾಕುತ್ತೀರಿ ಎಂದು ಬರೆದುಕೊಡಿ. ಅರ್ಜಿಯನ್ನು ಮರಾಠಿಯಲ್ಲೂ ಕನ್ನಡದಲ್ಲೂ ಬರೆದಿದ್ದೇವೆ. ಮರಾಠಿ ನಮ್ಮ ವೈರಿಯಲ್ಲ, ಅದರಲ್ಲೇ ನಮ್ಮ ಅರ್ಧ ಬದುಕು ನಡೆಯುತ್ತದೆ.

ಸಂಖ, ಉಮದಿ, ಮಾಡಗ್ಯಾಳ ಕಡೆಯ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಕುಸಿತವಾದರೆ ಮೊದಲು ದಿನ, ಗಂಟೆ, ಯಂತ್ರದ ನಂಬರು ಬರೆದಿಡಿ. ಖಾಲಿ ಫೈಲಿನಲ್ಲೂ ಆಗುತ್ತದೆಯೇ, ಬೇರೆ ಖಾತೆಯಲ್ಲೂ ಆಗುತ್ತದೆಯೇ, ಪಕ್ಕದ ಯಂತ್ರದಲ್ಲೂ ಆಗುತ್ತದೆಯೇ ನೋಡಿ. ಮ್ಯಾಕ್ ಆದರೆ ಕನ್ಸೋಲ್ ಎಂಬ ತಂತ್ರಾಂಶ ತೆರೆಯಿರಿ, ಅಲ್ಲಿ ಕ್ರ್ಯಾಶ್ ರಿಪೋರ್ಟ್ ಎಂದು ಪ್ರತಿ ಕುಸಿತದ ವರದಿ ಇರುತ್ತದೆ. ಯಾವ ತಂತ್ರಾಂಶ, ಯಾವ ಆವೃತ್ತಿ, ಎಷ್ಟು ಗಂಟೆಗೆ ಬಿತ್ತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ವಿಂಡೋಸ್ ಆದರೆ ರಿಲಯಬಿಲಿಟಿ ಮಾನಿಟರ್‌ನಲ್ಲಿ ಇರುತ್ತದೆ. ಅದರ ಪ್ರತಿ ತೆಗೆದು ದೂರಿಗೆ ಹಚ್ಚಿ. ವರದಿ ಕೈಯಲ್ಲಿದ್ದರೆ ಫೋನಿನ ಆಚೆಯವರ ದನಿ ಬದಲಾಗುತ್ತದೆ, ನಾವು ನೋಡಿದ್ದೇವೆ. ನಮ್ಮ ಅರ್ಜಿಯ ನಮೂನೆ ಬೇಕಾದವರು ಕೇಳಿ ಪಡೆಯಬಹುದು. ಮೊದಲ ಸತ್ರದ ಸಂಕಲಿತ ಮೌಲ್ಯಮಾಪನದ ಪತ್ರಿಕೆಗಳನ್ನು ಶಾಲೆಯಲ್ಲೇ ಟೈಪು ಮಾಡಬೇಕೆಂದಿದ್ದೇವೆ, ಅಷ್ಟರೊಳಗೆ ಆರು ಯಂತ್ರಗಳಲ್ಲಿ ಎರಡಕ್ಕಾದರೂ ಕನ್ನಡ ಬಂದರೆ ಸಾಕು.